ಮನೆ ಗಲೀಜಾಗದ ಆಟ

ಸೈಟು ಮಾರುವ ಪತ್ರಕ್ಕೆ ಹೆಬ್ಬೆಟ್ಟು ಒತ್ತು ಎಂದು ನಾಗಭೂಷಣ ಮೂರು ತಿಂಗಳಿಂದ ತಾಯಿಯ ಹಿಂದೆ ಬಿದ್ದಿದ್ದ. ಸೈಟು ಆಕೆಯ ಹೆಸರಿನಲ್ಲಿತ್ತು. "ನಾನು ಹೋದ್ಮೇಲೆ ಮಾರ್ಕೋ" ಎಂದು ಆಕೆ ಪ್ರತಿ ಸಲವೂ ಕೈಯನ್ನು ಸೆರಗಿನೊಳಗೆ ಸೇರಿಸಿಬಿಡುತ್ತಿದ್ದಳು.

ಆ ಭಾನುವಾರ ಅವನು ಮಗಳಿಗೆ ಒಂದು ಇಂಕ್ ಪ್ಯಾಡ್ ತಂದುಕೊಟ್ಟ. ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವುದು, ಅದಕ್ಕೆ ಪೆನ್ನಿನಲ್ಲಿ ಕಾಲು, ಬಾಲ ಬರೆದು ಪ್ರಾಣಿ ಮಾಡುವುದು. ಗೋಂದಿಲ್ಲ, ಕತ್ತರಿಯಿಲ್ಲ, ಆಮೇಲೆ ನೆಲ ಒರೆಸುವ ಕೆಲಸವೂ ಇಲ್ಲ. ಹೆಂಡತಿಗೆ ಅವನ ಮೇಲೆ ಅಪರೂಪಕ್ಕೆ ಪ್ರೀತಿ ಬಂತು.

"ಅಜ್ಜೀನೂ ಆಟಕ್ಕೆ ಸೇರಿಸ್ಕೋ ಪುಟ್ಟಿ" ಎಂದ.

ಅಜ್ಜಿ ನಗುತ್ತಾ ಒತ್ತಿದಳು. ಒಂದು ಮೊಲವಾಯಿತು, ಇನ್ನೊಂದು ಕೋಳಿಮರಿಯಾಯಿತು. ಆಗ ಅವನು ಮಡಿಸಿದ ಕಾಗದವೊಂದನ್ನು, ಕೆಳಗಿನ ಖಾಲಿ ಜಾಗವಷ್ಟೇ ಕಾಣುವಂತೆ ಮುಂದಿಟ್ಟ.

"ಇದರ ಮೇಲೂ ಒಂದು ಒತ್ತವ್ವ."

ಆಕೆ ಆ ದಪ್ಪ ಕಾಗದವನ್ನು ಬೆರಳಲ್ಲಿ ಒಮ್ಮೆ ಸವರಿ ನೋಡಿದಳು. ಆಮೇಲೆ ಗಟ್ಟಿಯಾಗಿ ಒತ್ತಿದಳು.

ಶಾಯಿ ಒಣಗಲಿ ಎಂದು ಅದನ್ನು ಅಲ್ಲೇ ಬಿಟ್ಟು, ಅವನು ವರಾಂಡಕ್ಕೆ ಹೋಗಿ ಸೈಟು ಕೊಳ್ಳುವವರಿಗೆ ಫೋನ್ ಮಾಡಿದ. "ಕೆಲಸ ಆಯ್ತು, ಬನ್ನಿ."

ಅವನು ಒಳಗೆ ಬಂದು ನೋಡಿದರೆ ಪತ್ರ ಪೂರ್ತಿ ಬಿಚ್ಚಿಕೊಂಡಿತ್ತು. ಹೆಬ್ಬೆಟ್ಟಿಗೆ ಕಿವಿ, ಮೀಸೆ ಬಂದು ಇಲಿಯಾಗಿತ್ತು. ಅದರ ಬಾಲ ಒಂದೊಂದೇ ಸಾಲನ್ನು ಹೊಡೆದುಹಾಕುತ್ತಾ ಮೇಲಿನ ಮುದ್ರೆಯವರೆಗೂ ಹೋಗಿತ್ತು.

"ಏನೇ ಇದು!" ಎಂದು ಮಗಳ ಮೇಲೆ ರೇಗಿದ.

"ಮಗೂನ ಯಾಕೋ ಬೈತೀಯ?" ತಾಯಿ ಪೆನ್ನಿಗೆ ಮುಚ್ಚಳ ಹಾಕಿದಳು. "ಕಿವಿ, ಮೀಸೆ ಅವಳದು. ಬಾಲ ನಂದು."