ಯಮೀನಾಳ ಕುರಾ

"ಈ ಔಷಧಿ ಪ್ರಯೋಗಕ್ಕೆ ಸೇರಿದವರಲ್ಲಿ ಯಾರಿಗೆ ಹೊಸ ಮಾತ್ರೆ, ಯಾರಿಗೆ ಔಷಧಿಯಿಲ್ಲದ ಮಾತ್ರೆ ಅನ್ನೋದು ಕುರಾದಲ್ಲಿ ತೀರ್ಮಾನ ಆಗುತ್ತೆ ಖಾಲ್ತಿ," ಎಂದಳು ಡಾಕ್ಟರ್ ಸಿಹಾಮ್, ಚಿಕ್ಕಮ್ಮನನ್ನು ಕರೆಯುವ ಸಲಿಗೆಯಲ್ಲಿ. ಕೀಲುನೋವಿಗೆ ಸೆಟೆದ ಯಮೀನಾಳ ಬೆರಳುಗಳು ಎದೆಗೇರಿದವು. ಅವಳ ಊರು ತ್ಲೆಮ್ಸೆನ್‌ನಲ್ಲಿ ಹಜ್ ಯಾತ್ರೆಗೆ ಹೋಗುವವರ ಚೀಟಿ ಎತ್ತುವುದಕ್ಕೂ ಅದೇ ಹೆಸರು.

"ನನ್ನ ಹೆಸರು ಬಂತಾ ಮಗಳೇ?"

"ಹೊಸ ಮಾತ್ರೆಗೆ ಹೆಸರು ಬಂದರೂ ನಿಮಗೆ ತಿಳಿಯಲ್ಲ. ನನಗೂ ತಿಳಿಯಲ್ಲ."

"ಅಯ್ಯೋ! ಮೆಕ್ಕಾಗೆ ಹೋದೆನೋ ಇಲ್ಲವೋ ಗೊತ್ತಿಲ್ಲದ ಹಾಜಿಯನ್ನ ಎಲ್ಲಾದ್ರೂ ಕಂಡಿದ್ದೀಯಾ?"

ಸಿಹಾಮ್ ನಕ್ಕಳು. "ಹಳೇ ಮಾತ್ರೆ ಹೇಗೂ ನಿಲ್ಲಲ್ಲ. ಸೇರಿದ ಮೇಲೂ ಬೇಡ ಅನ್ನಿಸಿದ್ರೆ ಬಿಡಬಹುದು. ಸೇರದೇ ಇದ್ರೂ ನಾನೇ ನೋಡ್ಕೋತೀನಿ."

ಯಮೀನಾ ಹಿಟ್ಟು ನಾದಲಾಗದ ತನ್ನ ಬೆರಳುಗಳನ್ನೇ ನೋಡಿದಳು. "ಹಾಗಾದ್ರೆ ನಾನು ಸೇರ್ಬೇಕೋ ಬೇಡವೋ ಅನ್ನೋದಕ್ಕೆ ಯಾವ ಕುರಾ?"

"ಅದಕ್ಕೆ ಕುರಾ ಇಲ್ಲ ಖಾಲ್ತಿ. ಅದನ್ನ ನೀವೇ ಹೇಳಬೇಕು."

ಅಲ್ಲಿಯವರೆಗೆ ಎಲ್ಲವನ್ನೂ ದೇವರ ಮೇಲೆ ಹಾಕಿ ಹಾಯಾಗಿದ್ದ ಯಮೀನಾ ನಿಜವಾದ ಗೊಂದಲಕ್ಕೆ ಬಿದ್ದದ್ದು ಆಗ.