ಗ್ರೀಸಿನಲ್ಲಿ ಹಳ್ಳದ ವಾಸನೆ

ಇವತ್ತು ಗ್ಯಾರೇಜಿನಲ್ಲಿ ನನ್ನ ಕಾರಿನ ಗಾಲಿ ಬಿಚ್ಚಿದಾಗ, ಗ್ರೀಸಿನ ವಾಸನೆಗೆ ನಾನು ಚಿಕ್ಕವಳಿದ್ದಾಗಿನ, ನಮ್ಮೂರು ಮಿಶ್ರಿಕೋಟಿಯ ಒಂದು ಮಧ್ಯಾಹ್ನ ನೆನಪಾಯಿತು.

ಆಗ ನಮ್ಮ ಮನೆಯ ಕಾರಿನ ಗಾಲಿಯ ಬೇರಿಂಗ್ ಒಂದೇ ವರ್ಷದಲ್ಲಿ ಮೂರನೇ ಸಲ ಹೋಗಿತ್ತು. ಊರಿನ ಗ್ಯಾರೇಜಿನ ಮಿಸ್ತ್ರಿ ಹಳೆಯದನ್ನೇ ಒರೆಸಿ, ಹೊಸದೆಂದು ಹಾಕುತ್ತಾನೆಂದು ಅಪ್ಪನಿಗೆ ಗುಮಾನಿ. ಈ ಸಲ ಹುಬ್ಬಳ್ಳಿಯಿಂದ ತಾನೇ ಹೊಸದನ್ನು ತಂದು, ಊಟ ಬಿಟ್ಟು, ಅವನ ಕೈಯನ್ನೇ ನೋಡುತ್ತ ಕುಳಿತಿದ್ದ. ನೀರು ಕುಡಿಯಲು ಎದ್ದಾಗ ಹೊಸ ಬೇರಿಂಗನ್ನು ನನ್ನ ಮಡಿಲಿಗಿಟ್ಟು, “ಕಣ್ಣು ಮಿಟುಕಿಸಬ್ಯಾಡಲೇ” ಎಂದು ಹೇಳಿ ಹೋದ.

ಅವನು ಮರಳಿದಾಗ ಹಳೆಯ ಬೇರಿಂಗ್ ಹೊರಗೆ ಬಂದಿತ್ತು. ಅದರ ಕೆಂಪು ಗ್ರೀಸು ನೀರುಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. ಮಿಸ್ತ್ರಿ ಬೆರಳಿಗೆ ಹಚ್ಚಿಕೊಂಡು ಮೂಸಿದ.

“ಗಾಲಿ ನೀರಾಗ ನಿಲ್ಲಸ್ತೀರೇನ್ರಿ?”

“ನಿನ್ನ ತಪ್ಪು ಮುಚ್ಚಾಕ ನೀರಿನ ಮ್ಯಾಲೆ ಹಾಕ್ತೀ?” ಅಪ್ಪ ಗದರಿದ.

ಮಿಸ್ತ್ರಿ ಆ ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದ. “ನೀ ಹೇಳವಾ, ಏನು ವಾಸನಿ?”

“ಹಳ್ಳದ್ದು,” ಅಂದೆ. “ಅಮಾಸಿ ಪೂಜಿಗೆ ಕಾರು ಹಳ್ಳದಾಗ ಇಳಿಸಿ ತೊಳೀತೀವಲ್ಲ, ಅಪ್ಪಾ.”

“ಓಡಿ ಕಾದ ಗಾಲಿ ಒಳಗ ನೀರು ಎಳಕೊಂತೈತ್ರಿ,” ಮಿಸ್ತ್ರಿ ಅಂದ. “ ಇನ್‌ಮ್ಯಾಲೆ ಮನಿ ಮುಂದ ಬಕೆಟ್ ನೀರಿಲೆ ತೊಳೀರಿ.”

ಅಪ್ಪ ಹೊಸ ಬೇರಿಂಗ್ ಹಾಕಿಸಿಕೊಂಡು ಕಾರು ಹೊರಡಿಸಿದ. ದಾರಿಯುದ್ದಕ್ಕೂ ಗಾಲಿ ಸದ್ದೇ ಮಾಡಲಿಲ್ಲ. ಮನೆ ಮುಂದೆ ಕಾರು ನಿಲ್ಲಿಸಿ, ನನ್ನ ಮುಖ ನೋಡುತ್ತ ಮೆಲ್ಲಗೆ ಕೇಳಿದ:

“ಖರೇ ಹೇಳು. ನಾ ನೀರು ಕುಡ್ಯಾಕ ಹೋದಾಗ ಆ ಮಿಸ್ತ್ರಿ ನಿನಗ ತಿನ್ನಾಕ ಏನು ಕೊಟ್ಟ?”