ಮೂರು ಮೂಲೆಯ ಚಕ್ರದ ನಿದ್ದೆ

ಮಧ್ಯಾಹ್ನ ಊಟವಾದ ಮೇಲೆ ಕೃಷ್ಣೆಯ ದಂಡೆಯಲ್ಲಿ ದೋಣಿಗಳೆಲ್ಲ ಮಲಗುತ್ತವೆ. ನಿದ್ದೆಗೆಟ್ಟ ಎಂಜಿನ್ನಿಗೆ ಬಲವಿರುವುದಿಲ್ಲವೆಂದು ಅಲ್ಲಿ ಕೂಸಿಗೂ ಗೊತ್ತು. ಅದಕ್ಕೇ ಎಲ್ಲರೂ ತಮ್ಮ ಎಂಜಿನ್ನಿಗೆ ಕೌದಿ ಹೊದಿಸಿ, ಅದರ ಮಗ್ಗುಲಲ್ಲೇ ಅಡ್ಡಾಗುತ್ತಾರೆ.

ಗಂಡ ಮೌನೇಶ ತೀರಿಕೊಂಡಾಗಿನಿಂದ ಕಾಳವ್ವನ ಎಂಜಿನ್ ಸೊರಗಿತ್ತು. ಫಿಟ್ಟರ್ ರಾಜೇಸಾಬ್ ಅದನ್ನು ಬಿಚ್ಚಿ, ಒಳಗೆ ಗಿರಗಿರನೆ ಸುತ್ತುವ ಮೂರು ಮೂಲೆಯ ಚಕ್ರವನ್ನು ಉಜ್ಜಿ, ಗಾಳಿ ಹೋಗುವ ಕಿಂಡಿಯನ್ನು ಅರದಿಂದ ಅಗಲ ಮಾಡಿದ್ದ. ಆದರೂ ದೋಣಿ ಸೆಳವಿಗೆ ಎದುರಾಗಿ ಏರಲಿಲ್ಲ.

"ಸಂಜೀಕ ಮದಿವಿ ದಿಬ್ಬಣ ದಾಟಿಸದಿದ್ರ ದೋಣಿ ದಾಟಿಸೋ ಈ ಕಡವಿನ ಗುತ್ತಿಗಿ ನಿನ್ನ ಕೈ ತಪ್ಪತೈತಿ, ಅಕ್ಕಾ. ಇದಕ್ಕ ಕೌದಿ ಹೊಚ್ಚತೀಯಿಲ್ಲೋ?" ಎಂದು ಅವನು ಕೇಳಿದ.

"ಹೊಚ್ಚತೀನಪಾ. ದಿನಾ ಮಗ್ಗಲದಾಗ ಕಾಯ್ಕೊಂತ ಕುಂದರತೀನಿ. ಅವ್ರು ಹ್ವಾದಾಗಿಂದ ಕಣ್ಣ ಮುಚ್ಚಿಲ್ಲ."

ರಾಜೇಸಾಬ್ ಅರವನ್ನು ಚೀಲಕ್ಕೆ ಹಾಕಿಕೊಂಡು ಹೋದ.

ಕಾಳವ್ವ ಕೌದಿಯ ಒಂದು ತುದಿಯನ್ನು ತನ್ನ ಮೇಲೂ ಎಳೆದುಕೊಂಡಳು. ಅದಕ್ಕೆ ಹೊಲಿದಿದ್ದ ಮೌನೇಶನ ಹಳೆಯ ಧೋತರದ ತುಂಡೊಂದು ಕೆನ್ನೆಗೆ ತಾಗಿತು. ನದಿ ಎಣ್ಣೆಯಂತೆ ನುಣ್ಣಗಾಯಿತು. ಅವನು ದೋಣಿಯ ಮೂತಿಯಲ್ಲಿ ಕುಳಿತು ಕಾಲನ್ನು ನೀರಿಗೆ ಇಳಿಬಿಟ್ಟಿದ್ದ. ಎಲ್ಲೋ ಯಾರೋ ಗೊರ್ರ್ ಎಂದು ಗೊರಕೆ ಹೊಡೆಯುತ್ತಿದ್ದರು. ತಾನೋ ಎಂಜಿನ್ನೋ ತಿಳಿಯಲಿಲ್ಲ.

ಸಂಜೆ ದಿಬ್ಬಣ ಹತ್ತಿತು. ಕಾಳವ್ವ ಎಂಜಿನ್ನಿನ ಹಗ್ಗ ಎಳೆದದ್ದೇ ತಡ, ದೋಣಿ ಮೂತಿಯೆತ್ತಿ ಸೆಳವನ್ನು ಸೀಳಿಕೊಂಡು ಹೊರಟಿತು. ಮದುಮಗಳು ಹೆದರಿ ನಕ್ಕಳು.

ದಂಡೆಯಿಂದ ರಾಜೇಸಾಬ್ ಕೂಗಿದ: "ಏನ್ ಮಾಡಿದಿಯಕ್ಕಾ ಅದಕ್ಕ?"

"ಅದಕ್ಕೇನೂ ಮಾಡಿಲ್ಲೋ ತಮ್ಮಾ," ಎಂದಳು ಕಾಳವ್ವ, "ನಾ ನಿದ್ದಿ ಮಾಡಿದ್ನಿ."